ನಿಂತ ಬಂಡಿಯ ವ್ಯಯ

ನಿಂತ ವಾಹನಕ್ಕೆ ಖರ್ಚಿಲ್ಲವೆಂಬುದು ಲೋಕದ ಸಾಮಾನ್ಯ ನಂಬಿಕೆ. ಎಂಜಿನು ತಣ್ಣಗಾಗಿ, ದೀಪಗಳು ಆರಿ, ಬೀಗದ ಕೈ ಯಜಮಾನನ ಜೇಬನ್ನು ಸೇರಿದ ಬಳಿಕ ಆ ವಾಹನವು ಅವನು ಮತ್ತೆ ಕರೆಯುವವರೆಗೆ ಏನನ್ನೂ ಬೇಡದೆ, ಏನನ್ನೂ ಕಳೆದುಕೊಳ್ಳದೆ ಇದ್ದಲ್ಲೇ ಇರುವುದೆಂದು ನಾವು ಭಾವಿಸುತ್ತೇವೆ. ಈ ಭಾವನೆ ಒಂದಾನೊಂದು ಕಾಲದಲ್ಲಿ ಅಕ್ಷರಶಃ ಸತ್ಯವಾಗಿತ್ತು, ಈಗ ಅಲ್ಲ. ಸತ್ಯವಾಗಿದ್ದುದು ಅಸತ್ಯವಾದ ಬಗೆಯನ್ನು ಅರಿಯಬೇಕಾದರೆ ಅರ್ಧ ಬಂಡಿಯೂ ಅರ್ಧ ಮನೆಯೂ ಆದ ಹಳೆಯ ಕ್ಯಾಂಪರ್ ವ್ಯಾನಿನ ಚರಿತ್ರೆಯಷ್ಟು ಉಪಯುಕ್ತವಾದುದು ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ. ಹತ್ತು ದಿನ ನೆರಳಿನಲ್ಲಿ ನಿಲ್ಲಿಸಿದ್ದ ಅಂಥ ವ್ಯಾನಿನ ಕೀಲಿಯನ್ನು ತಿರುಗಿಸಿದಾಗ ಸೆಲ್ಫು ಒಮ್ಮೆ ಟಕ್ಕೆಂದು ಸುಮ್ಮನಾದರೆ, ಬ್ಯಾಟರಿ ಇಳಿದಿದೆಯೆಂದು ಯಾರಾದರೂ ಹೇಳಬಲ್ಲರು. ಎಲ್ಲಿಂದ ಇಳಿಯಿತೆಂದು ಹೇಳುವುದಕ್ಕೆ ಒಂದು ವಿದ್ಯೆಯೇ ಬೇಕು, ಆ ವಿದ್ಯೆಗೂ ಒಂದು ಇತಿಹಾಸವುಂಟು.

ವಿನೋದಕ್ಕಾಗಿ ಮನೆಯನ್ನೇ ಗಾಲಿಯ ಮೇಲೆ ಹೊರಿಸಿಕೊಂಡು ಹೊರಟವರಲ್ಲಿ ಮೊದಲಿಗನೆಂದು ಗಣ್ಯನಾದವನು ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ವೈದ್ಯ. 1885ನೆಯ ಇಸವಿಯಲ್ಲಿ ಆತ ಬ್ರಿಸ್ಟಲ್ ನಗರದ ಬಂಡಿ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಬಂಡಿಯನ್ನು ಕಟ್ಟಿಸಿ, ಕುದುರೆಗಳನ್ನು ಹೂಡಿಸಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಸಂಚರಿಸಿದನು. ಆ ಬಂಡಿಯಲ್ಲಿ ಹಾಸಿಗೆಯಿತ್ತು, ಒಲೆಯಿತ್ತು, ಪುಸ್ತಕಗಳಿದ್ದವು. ತಂತಿಯ ಒಂದೆಳೆಯೂ ಇರಲಿಲ್ಲ. ನಿಂತಾಗ ಮೇವು ಬೇಡುತ್ತಿದ್ದುದು ಕುದುರೆಯೇ ಹೊರತು ಬಂಡಿಯಲ್ಲ. ತರುವಾಯ ಬಂದ ಮೋಟಾರು ವಾಹನಗಳಲ್ಲಿಯೂ ಬಹುಕಾಲ ಇದೇ ಸ್ಥಿತಿ. ಬಾಷ್ ಸಂಸ್ಥೆಯಲ್ಲಿ ಗಾಟ್ಲೋಬ್ ಹೋನೋಲ್ಡ್ 1902ರಲ್ಲಿ ಸಿದ್ಧಪಡಿಸಿದ ಮ್ಯಾಗ್ನೆಟೋ ಯಂತ್ರವು ತನ್ನ ಸುತ್ತುವಿಕೆಯಿಂದಲೇ ಕಿಡಿಯನ್ನು ಹುಟ್ಟಿಸುತ್ತಿತ್ತು. 1908ರಲ್ಲಿ ಹೊರಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಕಿಡಿಯೂ ಅದರ ಭಾರಚಕ್ರದೊಳಗಿನ ಅಯಸ್ಕಾಂತಗಳಿಂದ ಬರುತ್ತಿತ್ತು. ಚಾಲಕನು ಮುಂದೆ ನಿಂತು ಹ್ಯಾಂಡಲು ಹೊಡೆಯುವನು, ಎಂಜಿನು ತಿರುಗುವುದು, ಕಿಡಿ ಹಾರುವುದು. ಎಂಜಿನು ನಿಂತರೆ ವಿದ್ಯುತ್ತೂ ಇಲ್ಲ, ಅದರ ವ್ಯಯವೂ ಇಲ್ಲ.

ವಿದ್ಯುತ್ತನ್ನು ಕೂಡಿಡುವ ಉಪಾಯವು ಆ ವೇಳೆಗೆ ಹಳೆಯದಾಗಿತ್ತೆಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಗಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿಯು ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಅದ್ದಿ, ತುಂಬಬಹುದಾದ ಮತ್ತು ಬರಿದಾದರೆ ಮರಳಿ ತುಂಬಬಹುದಾದ ಬ್ಯಾಟರಿಯನ್ನು 1859ರಲ್ಲಿಯೇ ನಿರ್ಮಿಸಿದ್ದನು. 1881ರಲ್ಲಿ ಕಮೀಲ್ ಫೋರ್ ಆ ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪವನ್ನು ಮೆತ್ತಿ ಅದನ್ನು ವ್ಯವಹಾರಯೋಗ್ಯವಾಗಿ ಮಾಡಿದನು. ಆದರೆ ಬ್ಯಾಟರಿಯು ಮೋಟಾರಿನ ಅನಿವಾರ್ಯ ಅಂಗವಾದುದು 1912ರಲ್ಲಿ, ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರನ್ನು ಕ್ಯಾಡಿಲಾಕ್ ಕಾರುಗಳಿಗೆ ಅಳವಡಿಸಿದಂದಿನಿಂದ. ಹ್ಯಾಂಡಲು ಹಿಮ್ಮುಖವಾಗಿ ಒದ್ದು ಮಣಿಕಟ್ಟು ಮುರಿದುಕೊಂಡವರ ಸಂಖ್ಯೆ ಅಲ್ಪವಾಗಿರಲಿಲ್ಲ. ಆ ಭಯವನ್ನು ನೀಗಿದ ಕೆಟರಿಂಗನ ಉಪಕಾರವನ್ನು ಕಡಮೆಯೆಂದು ಎಣಿಸಲಾಗದು. ಆದರೂ ಅಂದಿನಿಂದ ಪ್ರತಿಯೊಂದು ವಾಹನದ ಹೊಟ್ಟೆಯಲ್ಲಿಯೂ ಸದಾ ಜಾಗೃತವಾದ ಒಂದು ವಿದ್ಯುತ್ ಭಂಡಾರವು ನೆಲಸಿತು. ಭಂಡಾರವಿದ್ದಲ್ಲಿ ಸೋರಿಕೆಯೂ ಸಂಭವಿಸಿತು. ನಮ್ಮ ನಾಡಿನ ಅಂಬಾಸಡರ್ ಕಾರಿನವರೂ ಲಾರಿಯವರೂ ಸೆಲ್ಫು ಬಂದ ಮೇಲೆಯೂ ಬಹುಕಾಲ ಹ್ಯಾಂಡಲನ್ನು ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇಟ್ಟುಕೊಂಡಿರುತ್ತಿದ್ದುದು ಅಂಧಾಭ್ಯಾಸದಿಂದಲ್ಲ. ಭಂಡಾರವು ಬರಿದಾಗಬಹುದೆಂಬ ಅನುಭವವೇ ಅವರಿಂದ ಹಾಗೆ ಮಾಡಿಸುತ್ತಿತ್ತು.

ಸೋರಿಕೆಯ ಇತಿಹಾಸದಲ್ಲಿ ಮೊದಲನೆಯ ದ್ವಾರವೆಂದರೆ ಬ್ಯಾಟರಿಯನ್ನು ತುಂಬುವುದಕ್ಕೆಂದು ಇಟ್ಟ ಡೈನಮೋವೇ. ಡೈನಮೋ ತಿರುಗುತ್ತಿರುವಾಗ ವಿದ್ಯುತ್ತನ್ನು ಕೊಡುತ್ತದೆ. ನಿಂತಿರುವಾಗಲೂ ಅದರ ಸಂಬಂಧವು ಬ್ಯಾಟರಿಯೊಡನೆ ಉಳಿದಿದ್ದರೆ, ಕೊಟ್ಟುದನ್ನು ಮರಳಿ ತಾನೇ ಹೀರಿಕೊಂಡು ಮೋಟಾರಿನಂತೆ ತಿರುಗಲು ಹವಣಿಸುತ್ತದೆ. ಇದನ್ನು ತಡೆಯಲೆಂದು ‘ಕಟೌಟ್’ ಎಂಬ ಪುಟ್ಟ ಕಾವಲುಗಾರನನ್ನು ನಡುವೆ ನಿಲ್ಲಿಸಿದರು. ಕಪ್ಪು ಮುಚ್ಚಳದ ಕೆಳಗೆ ತಾಮ್ರದ ತಂತಿ ಸುತ್ತಿದ ಒಂದು ಉರುಳೆ, ಅದರ ಮೇಲೆ ಸಣ್ಣದೊಂದು ಸ್ಪ್ರಿಂಗು ಹಿಡಿದಿಟ್ಟ ಕಬ್ಬಿಣದ ನಾಲಗೆ, ನಾಲಗೆಯ ತುದಿಯಲ್ಲಿ ಕಾಳಿನಷ್ಟು ದಪ್ಪದ ಎರಡು ಲೋಹಬಿಂದುಗಳು. ಡೈನಮೋವಿನ ವೋಲ್ಟೇಜು ಬ್ಯಾಟರಿಯದನ್ನು ಮೀರಿದಾಗ ಉರುಳೆಯು ನಾಲಗೆಯನ್ನು ಸೆಳೆದುಕೊಂಡು ಬಿಂದುಗಳನ್ನು ಕೂಡಿಸುತ್ತದೆ. ಎಂಜಿನು ನಿಧಾನಿಸಿ ಪ್ರವಾಹವು ಹಿಂದಿರುಗಲಾರಂಭಿಸಿದೊಡನೆ ಬಿಡುತ್ತದೆ. ವರ್ಷಾನುವರ್ಷ ಕಿಡಿಯಿಂದ ಸುಟ್ಟು ಒರಟಾದ ಆ ಬಿಂದುಗಳು ಒಂದು ದಿನ ಪರಸ್ಪರ ಅಂಟಿಕೊಂಡುಬಿಟ್ಟರೆ ಬ್ಯಾಟರಿಯ ಸರ್ವಸ್ವವೂ ಕೆಲವೇ ಗಂಟೆಗಳಲ್ಲಿ ಡೈನಮೋವಿನ ಸುರುಳಿಗಳೊಳಗೆ ಬೇಗೆಯಾಗಿ ಕರಗಿಹೋಗುವುದು. ಹಳೆಯ ಕಾಲದ ಮೆಕ್ಯಾನಿಕ್ಕು ಬ್ಯಾಟರಿ ಇಳಿದ ವಾಹನದ ಬಳಿ ಬಂದೊಡನೆ ಮೊದಲು ಡೈನಮೋವನ್ನು ಅಂಗೈಯಿಂದ ಮುಟ್ಟಿ ಬಿಸಿಯಿದೆಯೇ ಎಂದು ನೋಡುತ್ತಿದ್ದುದಕ್ಕೆ ಇದೇ ಕಾರಣ.

ಇನ್ನು ಬಂಡಿಯು ಮನೆಯಾದ ಕಥೆ. ಡಚ್ ವ್ಯಾಪಾರಿ ಬೆನ್ ಪಾನ್ 1947ರ ಏಪ್ರಿಲಿನಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದ ಒಂದು ರೇಖಾಚಿತ್ರವು ಫೋಕ್ಸ್‌ವ್ಯಾಗನ್ನಿನ ಎರಡನೆಯ ಮಾದರಿಯ ಬೀಜವಾಯಿತು. 1950ರ ಮಾರ್ಚಿನಲ್ಲಿ ಅದರ ತಯಾರಿಕೆ ಮೊದಲಾಯಿತು. 1956ರಲ್ಲಿ ಅದಕ್ಕೆಂದೇ ಹ್ಯಾನೋವರಿನಲ್ಲಿ ಹೊಸ ಕಾರ್ಖಾನೆ ಎದ್ದಿತು. ಆ ವ್ಯಾನಿನ ಎಂಜಿನಿನ ಬಲವು ಆರಂಭದಲ್ಲಿ 25 ಅಶ್ವಶಕ್ತಿ ಮಾತ್ರ. ವಿದ್ಯುತ್ ವ್ಯವಸ್ಥೆಯು ಆರು ವೋಲ್ಟಿನದು. ವೆಸ್ಟ್‌ಫಾಲಿಯಾ ಪ್ರಾಂತದ ವೀಡನ್‌ಬ್ರೂಕ್ ಎಂಬ ಊರಿನಲ್ಲಿ 1844ರಿಂದಲೂ ಬಂಡಿ ಕಟ್ಟುವ ಕಸುಬನ್ನು ನಡೆಸಿಕೊಂಡು ಬಂದಿದ್ದ ಕ್ನೋಬೆಲ್ ಮನೆತನದ ಸಂಸ್ಥೆಯು 1951ರಲ್ಲಿ ಆ ವ್ಯಾನಿನೊಳಗೆ ಇಟ್ಟು ತೆಗೆಯಬಹುದಾದ ಮರದ ಪೆಟ್ಟಿಗೆಯೊಂದನ್ನು ರಚಿಸಿತು. ವಾರದ ದಿನಗಳಲ್ಲಿ ಸಾಮಾನು ಹೊರುವ ವ್ಯಾನು ಆದಿತ್ಯವಾರ ಮಂಚವೂ ಅಡುಗೆಯ ಕಟ್ಟೆಯೂ ಆಗುತ್ತಿತ್ತು. ಇಂಗ್ಲೆಂಡಿನಲ್ಲಿ ಫೋಕ್‌ಸ್ಟನ್ ಬಂದರಿನ ಮಾರ್ಟಿನ್ ವಾಲ್ಟರ್ ಸಂಸ್ಥೆಯವರು ಬೆಡ್‌ಫರ್ಡ್ ವ್ಯಾನುಗಳಿಗೆ ಇದೇ ಬಗೆಯ ಸಂಸ್ಕಾರವನ್ನು ಕೊಟ್ಟು ಡಾರ್ಮೊಬೈಲ್ ಎಂಬ ಹೆಸರಿನಿಂದ ಮಾರಿದರು. ಈ ಮೊದಲ ವಸತಿವಾಹನಗಳಲ್ಲಿ ಮನೆಯ ಭಾಗಕ್ಕೆ ವಿದ್ಯುತ್ತಿನ ಋಣ ಬಹು ಸ್ವಲ್ಪ: ಅಡುಗೆಗೆ ಸ್ಟವ್ವು, ತಂಪಿಗೆ ಮಂಜುಗಡ್ಡೆಯ ಪೆಟ್ಟಿಗೆ, ರಾತ್ರಿಗೆ ಒಂದು ಮಂದವಾದ ಒಳದೀಪ. ಆದುದರಿಂದ ಅವುಗಳ ಸೋರಿಕೆಯೂ ಸರಳವಾಗಿತ್ತು. ಮರೆತು ಉರಿಯಬಿಟ್ಟ ದೀಪ, ಇಲ್ಲವೇ ಅಂಟಿಕೊಂಡ ಕಟೌಟು.

1966ರ ಆಗಸ್ಟಿನಲ್ಲಿ ಫೋಕ್ಸ್‌ವ್ಯಾಗನ್ ವ್ಯಾನುಗಳು ಹನ್ನೆರಡು ವೋಲ್ಟಿಗೆ ಬದಲಾದವು. ಮರುವರ್ಷ ಮುಂಭಾಗದಲ್ಲಿ ಒಂದೇ ಅಗಲವಾದ ಗಾಜುಳ್ಳ ಹೊಸ ಆಕೃತಿ ಬಂದಿತು. ಮನೆಯ ಬೇಡಿಕೆಗಳು ಬಂಡಿಯ ಬೊಕ್ಕಸವನ್ನು ಮೀರತೊಡಗಿದುದು ಈ ಕಾಲದಲ್ಲಿ. ಮಂಜುಗಡ್ಡೆಯ ಪೆಟ್ಟಿಗೆ ಹೋಗಿ ವಿದ್ಯುತ್ತಿನ ಫ್ರಿಜ್ಜು ಬಂದಿತು. ಇದರಲ್ಲೊಂದು ಬಗೆಯ ಫ್ರಿಜ್ಜಿನ ಮೂಲವು ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳಾದ ಬಾಲ್ಟ್ಸರ್ ಫಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್ 1922ರಲ್ಲಿ ಕಂಡುಹಿಡಿದ ತಂತ್ರದಲ್ಲಿದೆ. ಅಮೋನಿಯ, ನೀರು, ಜಲಜನಕ ಇವು ಮೂರನ್ನೂ ಮುಚ್ಚಿದ ಕೊಳವೆಗಳಲ್ಲಿಟ್ಟು ಒಂದೆಡೆ ಕಾವು ಕೊಟ್ಟರೆ ಇನ್ನೊಂದೆಡೆ ತಂಪು ಹುಟ್ಟುವುದು. ಚಲಿಸುವ ಅಂಗ ಒಂದೂ ಇಲ್ಲ. ಕಾವನ್ನು ಗ್ಯಾಸಿನ ಜ್ವಾಲೆಯಾದರೂ ಕೊಡಬಹುದು, ವಿದ್ಯುತ್ತಾದರೂ ಕೊಡಬಹುದು ಎಂಬುದೇ ಇದರ ಸೊಗಸು. ಆದರೆ ಹನ್ನೆರಡು ವೋಲ್ಟಿನಲ್ಲಿ ಅದು ಸುಮಾರು 7 ಆಂಪಿಯರುಗಳನ್ನು ಎಡೆಬಿಡದೆ ಎಳೆಯುತ್ತದೆ. ಎಂಜಿನು ನಿಂತ ಮೇಲೆ ಎಂಟು ಗಂಟೆ ಹಾಗೆಯೇ ಬಿಟ್ಟರೆ 56 ಆಂಪಿಯರ್‌-ಗಂಟೆಗಳು ಹೋದಂತೆ. ಸಾಧಾರಣವಾದ ಬ್ಯಾಟರಿಯೊಂದರ ಆಸ್ತಿಯೇ ಅಷ್ಟು.

ಈ ಕಷ್ಟವನ್ನು ಪರಿಹರಿಸಲು ಎರಡನೆಯ ಬ್ಯಾಟರಿಯನ್ನು ಕೊಟ್ಟರು. 1979ರಲ್ಲಿ ಬಂದ ಮೂರನೆಯ ತಲೆಮಾರಿನ ವ್ಯಾನಿನಲ್ಲಿ ಎಂಜಿನಿನ ಬ್ಯಾಟರಿಯು ಮುಂದಿನ ಒಂದು ಆಸನದ ಕೆಳಗೂ ಮನೆಯ ಬ್ಯಾಟರಿಯು ಇನ್ನೊಂದು ಆಸನದ ಕೆಳಗೂ ಕುಳಿತವು. ನಡುವೆ ಒಂದು ರಿಲೇ. ಎಂಜಿನು ನಡೆಯುವಾಗ ರಿಲೇ ಎರಡನ್ನೂ ಕೂಡಿಸುತ್ತದೆ, ಎಂಜಿನು ನಿಂತೊಡನೆ ಅಗಲಿಸುತ್ತದೆ. ಮನೆಯವರು ಎಷ್ಟೇ ದೀಪ ಉರಿಸಲಿ, ಬಂಡಿಯನ್ನು ಎಬ್ಬಿಸುವ ಪಾಲು ಪ್ರತ್ಯೇಕವಾಗಿ ಉಳಿದಿರುತ್ತದೆ. ಕುಟುಂಬದ ಖರ್ಚನ್ನೂ ವ್ಯಾಪಾರದ ಬಂಡವಾಳವನ್ನೂ ಬೇರ್ಪಡಿಸಿದ ಈ ಏರ್ಪಾಟಿನಲ್ಲಿ ವಿವೇಕವಿದೆ. ಆದರೆ ಕಟೌಟಿನ ದೋಷವೇ ಈ ರಿಲೇಯಲ್ಲಿಯೂ ಮರುಹುಟ್ಟು ಪಡೆಯಿತು: ಬಿಂದುಗಳು ಅಂಟಿಕೊಂಡರೆ ಎರಡು ಬ್ಯಾಟರಿಗಳೂ ಒಂದೇ ಆಗಿ, ಒಳಗಿನ ಫ್ರಿಜ್ಜು ಎರಡನ್ನೂ ಒಟ್ಟಿಗೆ ಬರಿದುಮಾಡಿಬಿಡುತ್ತದೆ. ಇವುಗಳ ಜೊತೆಗೆ, ಕೀಲಿ ತೆಗೆದ ಮೇಲೆಯೂ ನಿದ್ರಿಸದ ಗಡಿಯಾರ, ಸ್ಟೇಷನ್ನುಗಳ ನೆನಪನ್ನು ಉಳಿಸಿಕೊಳ್ಳಬೇಕಾದ ರೇಡಿಯೋ, ಗ್ಯಾಸು ಸೋರಿದರೆ ಕೂಗುವ ಎಚ್ಚರಿಕೆಯ ಯಂತ್ರ ಇವೆಲ್ಲವೂ ಒಂದೊಂದಾಗಿ ಬಂದು ಸೇರಿದವು. ಪ್ರತಿಯೊಂದರ ಬೇಡಿಕೆಯೂ ಕೆಲವೇ ಮಿಲಿಆಂಪಿಯರು; ಆದರೆ ಅವುಗಳಿಗೆ ರಜೆಯೆಂಬುದಿಲ್ಲ.

ಕಾರ್ಖಾನೆಯು ಮಾಡಿದ ಏರ್ಪಾಟಿನ ಕಥೆ ಇಷ್ಟು. ಅಲ್ಲಿಂದ ಮುಂದೆ ಒಡೆಯರ ಕಥೆ ಆರಂಭವಾಗುತ್ತದೆ, ಹಳೆಯ ವ್ಯಾನಿನ ರಹಸ್ಯಗಳಲ್ಲಿ ಬಹುಪಾಲು ಅಲ್ಲಿಯೇ ಅಡಗಿದೆ. ಅರುವತ್ತು ಎಪ್ಪತ್ತರ ದಶಕಗಳಲ್ಲಿ ಐರೋಪ್ಯ ಯುವಜನರು ಇಂಥ ವ್ಯಾನುಗಳಲ್ಲಿ ಇಸ್ತಾಂಬುಲ್, ತೆಹರಾನ್, ಕಾಬೂಲ್, ಲಾಹೋರುಗಳ ದಾರಿಯಾಗಿ ದೆಹಲಿಗೂ ಕಠ್ಮಂಡುವಿಗೂ ಗೋವೆಯ ಕಡಲ ತೀರಕ್ಕೂ ಬರುತ್ತಿದ್ದರು; 1979ರಲ್ಲಿ ಇರಾನಿನ ಕ್ರಾಂತಿಯೂ ಅಫ್ಘಾನಿಸ್ತಾನದ ಆಕ್ರಮಣವೂ ಆ ದಾರಿಯನ್ನು ಮುಚ್ಚಿದವು. ಅಷ್ಟು ದೂರ ಬಂದ ವ್ಯಾನು ದಾರಿಯುದ್ದಕ್ಕೂ ಯಾರುಯಾರದೋ ಕೈಯಲ್ಲಿ ರಿಪೇರಿಯಾಗುತ್ತಿತ್ತು. ಒಬ್ಬನು ರೇಡಿಯೋ ಹಾಕಿಸಿದನು, ಇನ್ನೊಬ್ಬನು ಹಾಸಿಗೆಯ ತಲೆಯ ಬಳಿ ಫ್ಯಾನು ಕೂಡಿಸಿದನು, ಮೂರನೆಯವನು ಅದನ್ನು ಕೊಂಡು ಎಲ್ಲವನ್ನೂ ಕಿತ್ತುಹಾಕಿದನು, ತಂತಿಗಳನ್ನು ಮಾತ್ರ ಕೀಳದೆ ತುದಿಗೆ ಟೇಪು ಸುತ್ತಿ ಬಿಟ್ಟನು. ತಾಳೆಗರಿಯ ಗ್ರಂಥವೊಂದು ತಲೆಮಾರುಗಳ ಲಿಪಿಕಾರರ ಕೈಯಲ್ಲಿ ಹಾದುಬಂದಾಗ ಮೂಲಪಾಠದ ನಡುವೆ ಪ್ರಕ್ಷಿಪ್ತ ಪದ್ಯಗಳು ಹೇಗೆ ಸೇರಿಕೊಳ್ಳುವುವೋ, ಹಾಗೆ ಕಾರ್ಖಾನೆಯ ಮೂಲ ತಂತಿಗಳ ನಡುವೆ ಈ ಸೇರಿಕೆಗಳು ಬೆಳೆದಿರುತ್ತವೆ. ಅವನ್ನು ಬೇರ್ಪಡಿಸುವವನಿಗೂ ಪಾಠಶೋಧಕನ ತಾಳ್ಮೆಯೇ ಬೇಕು.

ಮೂಲಪಾಠವನ್ನು ಗುರುತಿಸುವ ಸಾಧನವು ಜರ್ಮನರಲ್ಲಿತ್ತು. ವಾಹನದ ತಂತಿಗಳ ತುದಿಗಳಿಗೆ ಅವರು ಒಂದು ಸಂಖ್ಯಾಕ್ರಮವನ್ನು ನಿಗದಿಮಾಡಿದರು. ಡಿಐಎನ್ 72552 ಎಂಬ ಮಾನಕ ಅದು. ಬ್ಯಾಟರಿಯಿಂದ ನೇರವಾಗಿ ಬಂದು ಸದಾ ಜೀವಂತವಾಗಿರುವ ತುದಿಗೆ 30, ಕೀಲಿ ತಿರುಗಿಸಿದಾಗ ಮಾತ್ರ ಜೀವ ತಳೆಯುವ ತುದಿಗೆ 15, ಅರ್ಥಿನ ತುದಿಗೆ 31, ಸ್ಟಾರ್ಟರಿನದಕ್ಕೆ 50. ಫೋಕ್ಸ್‌ವ್ಯಾಗನ್ನಿನಲ್ಲಿ ಸಾಮಾನ್ಯವಾಗಿ 30ರ ತಂತಿ ಕೆಂಪು, 15ರದು ಕಪ್ಪು, 31ರದು ಕಂದು. ಕ್ಷುಲ್ಲಕವೆಂದು ತೋರಬಹುದಾದ ಈ ವರ್ಣಸಂಖ್ಯಾಕ್ರಮವನ್ನು ನಾನು ಕೈಗಾರಿಕೆಯ ಚರಿತ್ರೆಯ ಉದಾತ್ತವಾದ ಕೃತಿಗಳಲ್ಲೊಂದೆಂದು ಎಣಿಸುತ್ತೇನೆ. ಏಕೆಂದರೆ ವ್ಯಾನನ್ನು ಕಟ್ಟಿದವನೂ ಐವತ್ತು ವರ್ಷಗಳ ತರುವಾಯ ಅದನ್ನು ಬಿಚ್ಚುವವನೂ ಪರಸ್ಪರ ಭಾಷೆಯನ್ನರಿಯದಿದ್ದರೂ ಅದರ ಮೂಲಕ ಮಾತನಾಡಬಲ್ಲರು. ನಿಂತ ಬಂಡಿಯಲ್ಲಿ ಸೋರಿಕೆಯುಂಟಾಗುವುದು 30ರ ಕುಲಕ್ಕೆ ಸೇರಿದ ತಂತಿಗಳಲ್ಲಿ ಮಾತ್ರವಷ್ಟೆ. 15ರಿಂದ ತೆಗೆಯಬೇಕಾಗಿದ್ದ ರೇಡಿಯೋವಿನ ತಂತಿಯನ್ನು ಅವಸರದ ಕೈಯೊಂದು 30ಕ್ಕೆ ಕಚ್ಚಿಸಿದ್ದರೆ ಅದು ಈ ಸಂಖ್ಯೆಗಳನ್ನು ಹಿಡಿದು ನೋಡಿದಾಗ ಬಯಲಾಗುತ್ತದೆ.

ಹುಡುಕುವವನ ಮೊದಲ ಉಪಕರಣ ಒಂದು ಟೆಸ್ಟ್ ಲ್ಯಾಂಪು. ಬ್ಯಾಟರಿಯ ಅರ್ಥ್ ಕೇಬಲನ್ನು ಬಿಚ್ಚಿ, ಕೇಬಲಿಗೂ ಬ್ಯಾಟರಿಯ ಮೊನೆಗೂ ನಡುವೆ ಹನ್ನೆರಡು ವೋಲ್ಟಿನ ಬಲ್ಬನ್ನು ಹಿಡಿದರೆ, ಸೋರಿಕೆ ದೊಡ್ಡದಾಗಿದ್ದಲ್ಲಿ ಬಲ್ಬು ಉರಿಯುತ್ತದೆ. ಬಸ್‌ಸ್ಟ್ಯಾಂಡಿನ ಪಕ್ಕದ ಬ್ಯಾಟರಿ ಅಂಗಡಿಯವನಿಂದ ಹಿಡಿದು ಹ್ಯಾಂಬರ್ಗಿನ ಗ್ಯಾರೇಜಿನವನವರೆಗೆ ಎಲ್ಲರೂ ಬಲ್ಲ ಪರೀಕ್ಷೆ ಇದು. ಆದರೆ ಬಲ್ಬಿಗೆ ಕಾಣದ ಸೋರಿಕೆಗಳೂ ಉಂಟು. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರನಾದ ಡೊನಾಲ್ಡ್ ಮಕಾಡಿ ಎಂಬವನು ಆಂಪಿಯರು, ವೋಲ್ಟು, ಓಮು ಮೂರನ್ನೂ ಅಳೆಯುವುದಕ್ಕೆ ಬೇರೆಬೇರೆ ಉಪಕರಣಗಳನ್ನು ಹೊತ್ತು ತಿರುಗುವ ತೊಂದರೆಯನ್ನು ಕಂಡು, ಅವೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಆವೋಮೀಟರು 1923ರಲ್ಲಿ ಮಾರುಕಟ್ಟೆಗೆ ಬಂದಿತು. ಈಗ ಎಲ್ಲರ ಕೈಯಲ್ಲಿರುವ ಮಲ್ಟಿಮೀಟರು ಅದರ ಸಂತತಿಯೇ.

ಮೀಟರನ್ನು ಕೇಬಲಿಗೂ ಬ್ಯಾಟರಿಗೂ ನಡುವೆ ಸರಣಿಯಾಗಿ ಕೂಡಿಸಿ, ಬಾಗಿಲುಗಳನ್ನೆಲ್ಲ ಮುಚ್ಚಿ, ಒಳದೀಪ ಆರಿದೆಯೆಂದು ಖಚಿತಪಡಿಸಿಕೊಂಡು ನೋಡಬೇಕು. ಈ ಸ್ಥಿತಿಯಲ್ಲಿ ಕೀಲಿಯನ್ನು ಸ್ಟಾರ್ಟರಿನವರೆಗೆ ತಿರುಗಿಸತಕ್ಕುದಲ್ಲ. ನೂರಾರು ಆಂಪಿಯರುಗಳು ನುಗ್ಗಿ ಮೀಟರಿನ ಫ್ಯೂಸನ್ನು ಸುಟ್ಟುಬಿಡುವುವು. ಸೂಚಿಯು 50 ಮಿಲಿಆಂಪಿಯರಿನೊಳಗೆ ನಿಂತರೆ ಚಿಂತೆಯಿಲ್ಲ: ದಿನಕ್ಕೆ 1.2 ಆಂಪಿಯರ್‌-ಗಂಟೆ, ಅಂದರೆ 60 ಆಂಪಿಯರ್‌-ಗಂಟೆಯ ಬ್ಯಾಟರಿ ಬರಿದಾಗಲು ಐವತ್ತು ದಿನ ಬೇಕು. ಅದೇ ಸೂಚಿಯು 400 ಮಿಲಿಆಂಪಿಯರನ್ನು ತೋರಿದರೆ, ಮುಚ್ಚಿದ ಬೀರುವಿನೊಳಗೆ ಐದು ವಾಟಿನ ದೀಪವೊಂದು ಯಾರಿಗೂ ಕಾಣದೆ ಉರಿಯುತ್ತಿರಬಹುದು. ಆರನೆಯ ದಿನದ ಕೊನೆಯಲ್ಲಿ ಅದೇ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಏನೂ ಉಳಿದಿರುವುದಿಲ್ಲ. ಆಗ ಡ್ಯಾಶ್‌ಬೋರ್ಡಿನ ಕೆಳಗೆ ಬೆನ್ನು ಮಣಿಸಿ ಮಲಗಿ, ಫ್ಯೂಸ್ ಬಾಕ್ಸಿನಿಂದ ಒಂದೊಂದೇ ಫ್ಯೂಸನ್ನು ಕಿತ್ತು, ಮೀಟರನ್ನು ನೋಡಿ, ಮರಳಿ ಸಿಕ್ಕಿಸಿ, ಮುಂದಿನದಕ್ಕೆ ಹೋಗಬೇಕು. ಯಾವ ಫ್ಯೂಸನ್ನು ಕಿತ್ತಾಗ ಅಂಕಿಯು ಸರಕ್ಕನೆ ಇಳಿಯುವುದೋ ಅದರ ಹಿಂದಿನ ಕವಲಿನಲ್ಲಿ ಕಳ್ಳನಿದ್ದಾನೆ. ಹಳೆಯ ವ್ಯಾನುಗಳ ಸೆರಾಮಿಕ್ ಫ್ಯೂಸುಗಳ ತುದಿಗಳಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ಕೀಳುವಾಗ ಹಿಡಿಕೆಯ ತಗಡನ್ನು ಬಾಗಿಸಿದರೆ ಒಂದು ದೋಷವನ್ನು ಹುಡುಕಹೋಗಿ ಇನ್ನೊಂದನ್ನು ಹುಟ್ಟಿಸಿದಂತಾಗುವುದರಿಂದ ಬೆರಳು ಹಗುರವಾಗಿರಬೇಕು.

ಎಲ್ಲ ಫ್ಯೂಸುಗಳನ್ನು ಕಿತ್ತ ಮೇಲೆಯೂ ಅಂಕಿ ಇಳಿಯದಿದ್ದರೆ? ಅನುಭವವಿಲ್ಲದವನು ಇಲ್ಲಿ ಕೈಚೆಲ್ಲುತ್ತಾನೆ, ಬಲ್ಲವನಿಗೆ ಇಲ್ಲಿಯೇ ದಾರಿ ಕಿರಿದಾಗಿ ಸುಲಭವಾಗುತ್ತದೆ. ಫ್ಯೂಸಿನ ಹಂಗಿಲ್ಲದೆ ಬ್ಯಾಟರಿಗೆ ನೇರವಾಗಿ ಕೂಡಿದವು ಕೆಲವೇ: ಸ್ಟಾರ್ಟರು, ಕೀಲಿಗೆ ಹೋಗುವ ಕೆಂಪು ತಂತಿ, ಆಲ್ಟರ್ನೇಟರು, ಮತ್ತು ಹಿಂದಿನ ಒಡೆಯರು ನೇರವಾಗಿ ಬ್ಯಾಟರಿಯ ಮೊನೆಗೇ ಕಚ್ಚಿಸಿದ ಸೇರಿಕೆಗಳು. ಇವುಗಳಲ್ಲಿ ಆಲ್ಟರ್ನೇಟರಿನ ವಿಷಯ ವಿಶೇಷ ಗಮನಾರ್ಹ. 1960ರಲ್ಲಿ ಕ್ರೈಸ್ಲರ್ ಸಂಸ್ಥೆಯ ವ್ಯಾಲಿಯಂಟ್ ಕಾರಿನೊಡನೆ ಬಳಕೆಗೆ ಬಂದು, ಎಪ್ಪತ್ತರ ದಶಕದಲ್ಲಿ ಈ ವ್ಯಾನುಗಳಿಗೂ ಬಂದ ಆಲ್ಟರ್ನೇಟರಿನಲ್ಲಿ ಕಟೌಟಿಲ್ಲ. ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಸಿಲಿಕಾನ್ ಡಯೋಡುಗಳೇ ಆ ಕಾವಲನ್ನೂ ಕಾಯುತ್ತವೆ. ಅವು ಕಿಡಿಯಿಂದ ಸವೆಯುವುದಿಲ್ಲ, ಅಂಟಿಕೊಳ್ಳುವುದಿಲ್ಲ. ಆದರೆ ಕಾವಿಗೆ ಸಿಕ್ಕಿ ದುರ್ಬಲವಾದ ಡಯೋಡು ಹಿಮ್ಮುಖವಾಗಿ ಸ್ವಲ್ಪಸ್ವಲ್ಪವೇ ಪ್ರವಾಹವನ್ನು ಬಿಡತೊಡಗುತ್ತದೆ. ಹಗಲಿನಲ್ಲಿ ಆಲ್ಟರ್ನೇಟರು ಬ್ಯಾಟರಿಯನ್ನು ತುಂಬುತ್ತಲೇ ಇರುವುದರಿಂದ ಯಾರಿಗೂ ಅದರ ಮೇಲೆ ಸಂಶಯ ಹುಟ್ಟುವುದಿಲ್ಲ. ಅದರ ದಪ್ಪ ತಂತಿಯನ್ನು ಬಿಚ್ಚಿ ಮೀಟರನ್ನು ನೋಡಿದಾಗಲೇ ಸತ್ಯ ಹೊರಬೀಳುವುದು.

ಬ್ಯಾಟರಿ ಇಳಿದರೆ ಮರಳಿ ಚಾರ್ಜು ಮಾಡಿದರಾಯಿತು, ಇಷ್ಟು ಶೋಧನೆಯೇಕೆ ಎಂದು ಕೇಳುವವರಿದ್ದಾರೆ. ಸೀಸದ ಬ್ಯಾಟರಿಯ ಸ್ವಭಾವ ಅಷ್ಟು ಕ್ಷಮಾಶೀಲವಾದುದಲ್ಲ. ಪೂರ್ಣವಾಗಿ ತುಂಬಿದಾಗ ವಿಶ್ರಾಂತಿಯಲ್ಲಿ ಸುಮಾರು 12.7 ವೋಲ್ಟಿರುವ ಬ್ಯಾಟರಿಯು 12ಕ್ಕಿಂತ ಕೆಳಗಿಳಿದು ವಾರಗಟ್ಟಲೆ ಹಾಗೆಯೇ ಇದ್ದರೆ, ಫಲಕಗಳ ಮೇಲೆ ಹುಟ್ಟಿದ ಮೃದುವಾದ ಸೀಸದ ಸಲ್ಫೇಟು ಗಟ್ಟಿಯಾದ ಹರಳುಗಳಾಗಿ ಮಾರ್ಪಟ್ಟು ಮತ್ತೆ ಕರಗಲೊಲ್ಲದು. ಅಷ್ಟರಮಟ್ಟಿಗೆ ಭಂಡಾರದ ವಿಸ್ತಾರವೇ ಕಿರಿದಾಗುತ್ತದೆ. ಆದುದರಿಂದ ಅರ್ಥ್ ಕೇಬಲಿನಲ್ಲಿ ಒಂದು ಕಟ್‌ಆಫ್ ಸ್ವಿಚ್ಚನ್ನು ಕೂಡಿಸಿ, ನಿಲ್ಲಿಸುವಾಗಲೆಲ್ಲ ಆರಿಸುವ ಪದ್ಧತಿಯನ್ನು ಹಲವರು ಅನುಸರಿಸುತ್ತಾರೆ. ಮಳೆಗಾಲ ಪೂರ್ತಿ ನಿಲ್ಲುವ ಬಂಡಿಗೆ ಅದು ತಕ್ಕುದೇ. ಆದರೆ ಸೋರಿಕೆ ಎಲ್ಲಿದೆಯೆಂದು ತಿಳಿಯದೆಯೇ ಅದನ್ನು ಕೂಡಿಸಿ ಸುಮ್ಮನಾಗುವುದನ್ನು ನಾನು ಒಪ್ಪಲಾರೆ. ಮರದ ಬೀರುವಿನ ಹಿಂದೆ ಹೊದಿಕೆ ಹರಿದು ತಗಡಿಗೆ ಒರಸುತ್ತಿರುವ ತಂತಿಯೇ ಆ ಸೋರಿಕೆಗೆ ಕಾರಣವಾಗಿದ್ದ ಪಕ್ಷದಲ್ಲಿ, ಸ್ವಿಚ್ಚು ಹಾಕಿ ಪ್ರಯಾಣ ಹೊರಟಾಗ ಅದೇ ತಂತಿ, ಒಳಗೆ ಮಕ್ಕಳು ಮಲಗಿರುವ ಮನೆಗೆ ಬೆಂಕಿಯನ್ನು ತರಬಲ್ಲದು.

ಹಳೆಯ ಆಕೃತಿಯ ವ್ಯಾನಿನ ಕೊನೆಯ ಕಾರ್ಖಾನೆಯು ಬ್ರೆಜಿಲಿನಲ್ಲಿ 2013ರ ಅಂತ್ಯದಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿತು. 2022ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯವರು ಅದರ ವಾರಸುದಾರನೆಂದು ಐಡಿ. ಬಜ್ ಎಂಬ ವಿದ್ಯುತ್ ವ್ಯಾನನ್ನು ಹೊರತಂದರು. ಹೊರಬಂದಾಗ ಅದರ ನೆಲಗಟ್ಟಿನ ಕೆಳಗೆ 77 ಕಿಲೋವಾಟ್‌-ಗಂಟೆಗಳ ಬ್ಯಾಟರಿಯಿತ್ತು. ವೆಸ್ಟ್‌ಫಾಲಿಯಾದ ಹಳೆಯ ವ್ಯಾನನ್ನು ತಿಂಗಳುಗಟ್ಟಲೆ ಬೆಳಗಿಸಬಲ್ಲ ಸಂಪತ್ತು ಅದು. ಆದರೂ ಅದರೊಳಗೆ ಪ್ರತ್ಯೇಕವಾಗಿ ಹನ್ನೆರಡು ವೋಲ್ಟಿನ ಸಣ್ಣದೊಂದು ಬ್ಯಾಟರಿಯನ್ನು ಇಟ್ಟಿದ್ದಾರೆ. ದೊಡ್ಡ ಬ್ಯಾಟರಿಯ ಬಾಗಿಲನ್ನು ತೆರೆಯುವ ರಿಲೇಗಳು ಈ ಚಿಕ್ಕದರ ಬಲದಿಂದಲೇ ಕೆಲಸ ಮಾಡುವುದರಿಂದ, ಇದು ಇಳಿದುಹೋದರೆ ಅದು ತುಂಬಿದ್ದರೂ ಬಂಡಿ ಮೇಲೇಳದು. ನಿಂತಲ್ಲಿ ನಿದ್ರಿಸಬೇಕಾದ ಗಣಕಗಳು ಅದರಲ್ಲಿ ಹತ್ತಾರು ಇವೆ. ಅವೆಲ್ಲ ನಿದ್ದೆಹೋಗುವವರೆಗೆ ಮೆಕ್ಯಾನಿಕ್ಕು ಮೀಟರಿನ ಮುಂದೆ ಕೆಲವೊಮ್ಮೆ ಅರ್ಧ ಗಂಟೆ ಕಾಯಬೇಕಾಗುತ್ತದೆ, ಫ್ಯೂಸನ್ನು ಕಿತ್ತರೆ ಮಲಗಿದ ಗಣಕವು ಮತ್ತೆ ಎಚ್ಚರಗೊಳ್ಳುವುದುಂಟು. ಆದುದರಿಂದ ಈಗಿನವರು ಫ್ಯೂಸನ್ನು ಕೀಳದೆ, ಅದರ ಬೆನ್ನಿನ ಮೇಲಿನ ಎರಡು ಪುಟ್ಟ ಮೊನೆಗಳ ನಡುವೆ ಬೀಳುವ ಮಿಲಿವೋಲ್ಟಿನ ಅಂಶವನ್ನು ಅಳೆದು, ಯಾವ ಕವಲಿನಲ್ಲಿ ಪ್ರವಾಹ ಹರಿಯುತ್ತಿದೆಯೆಂದು ಗಣಿಸುತ್ತಾರೆ.